ಅಲುಗದ ಮುಳ್ಳು

ಚಾಲಕರ ಕಿವಿ ಪರೀಕ್ಷಿಸುವ ಆ ಕೋಣೆಯ ಕಂಪ್ಯೂಟರಿಗೆ ಹದಿನಾರು ವರ್ಷ. ಒಂದು ಕಾಲಕ್ಕೆ ವರ್ಕ್‌ಸ್ಟೇಷನ್ ಎಂಬ ದೊಡ್ಡ ಹೆಸರು ಹೊತ್ತು ಗತ್ತಿನಿಂದ ಬಂದದ್ದು. ಈಗ ಅದರೊಳಗಿನ ಸೌಂಡ್ ಕಾರ್ಡ್ ಹತ್ತು ನಿಮಿಷ ಕೆಲಸವಿಲ್ಲದಿದ್ದರೆ ನಿದ್ದೆ ಹೋಗುತ್ತಿತ್ತು. ಎಬ್ಬಿಸಿದರೆ ಬಲಗಡೆಯ ಸದ್ದು ಏಳುತ್ತಿತ್ತು, ಎಡಗಡೆಯದು ಏಳುತ್ತಿರಲಿಲ್ಲ. ಪರದೆ ಮಾತ್ರ ಎರಡೂ ಕಡೆ ಸದ್ದು ಹೋಗುತ್ತಿದೆ ಎಂದು ನಾಚಿಕೆಯಿಲ್ಲದೆ ಸುಳ್ಳು ಹೇಳುತ್ತಿತ್ತು.

"ತಪ್ಪು ಚಿಪ್ಪಲ್ಲೇ ಇದೆ, ಹುಟ್ಟಿದಾಗಿಂದ್ಲೇ ಹೀಗೆ. ಮಾಡಿದ ಕಂಪನಿನೇ ಮುಚ್ಚಿಹೋಯ್ತು. ಬೇರೆ ಕಾರ್ಡ್ ಹಾಕಿದ್ರೆ ನಿಮ್ಮ ಪ್ರೋಗ್ರಾಂ ಓಡಲ್ಲ" ಎಂದು ರಿಪೇರಿಯವನು ಕೈ ತೊಳೆದುಕೊಂಡಿದ್ದ.

ದಾರಿ ಕಂಡುಕೊಂಡವಳು ಪರೀಕ್ಷೆ ಮಾಡುವವಳೇ. ಒಬ್ಬೊಬ್ಬರನ್ನು ಕೂರಿಸುವ ಮುಂಚೆಯೂ ಎಡಗಡೆಗೆ ನಾಲ್ಕು ಸದ್ದನ್ನು ಸುಮ್ಮನೆ ಬಿಟ್ಟರೆ ಕಾರ್ಡ್ ಕಣ್ಣು ಬಿಡುತ್ತಿತ್ತು. ಅಷ್ಟಕ್ಕೂ ನಂಬಿಕೆ ಸಾಲದೆ, ಹೆಡ್‌ಫೋನಿನ ತಂತಿಗೆ ಮುಳ್ಳಿನ ಮೀಟರೊಂದನ್ನು ಸಿಕ್ಕಿಸಿದ್ದಳು. ಸದ್ದು ನಿಜವಾಗಿ ಹೋದರೆ ಮುಳ್ಳು ಅಲುಗಬೇಕು. ಆರು ವರ್ಷದಲ್ಲಿ ಒಮ್ಮೆಯೂ ಈ ಕ್ರಮ ತಪ್ಪಿರಲಿಲ್ಲ.

ತಪ್ಪಿದ್ದು ಅವಳ ಅಣ್ಣ ಪರೀಕ್ಷೆಗೆ ಬಂದ ದಿನ. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವನು, ಅಪ್ಪ ಹೋದ ಮೇಲೆ ಇವಳನ್ನು ಓದಿಸಿದವನು, ಆ ಉಪಕಾರವನ್ನು ಒಂದು ದಿನವೂ ಇವಳು ಮರೆಯಲು ಬಿಡದವನು. ಗಾಜಿನ ಗೂಡಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತವನೇ ಮೈಕಿನಲ್ಲಿ ಶುರುವಿಟ್ಟುಕೊಂಡ.

"ಡಾಕ್ಟ್ರೇ, ನಮ್ಮ ತಂಗಿ ಈ ಡಬ್ಬಾನ ಮಗು ಥರ ಸಾಕ್ತಿದಾಳೆ. ಗಂಡನ್ನ ಹೀಗೆ ನೋಡ್ಕೊಂಡಿದ್ರೆ ಅವನು ಮನೆ ಬಿಟ್ಟು ಹೋಗ್ತಿರ್ಲಿಲ್ಲ."

ಸಹಿ ಹಾಕಲು ಪಕ್ಕದಲ್ಲೇ ಕಾಯುತ್ತಿದ್ದ ಡಾಕ್ಟರು ಮುಸಿಮುಸಿ ನಕ್ಕರು. ಅವಳ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲಿ ನಾಲ್ಕು ಸದ್ದು ಬಿಡುವುದು ಮರೆತೇಹೋಯಿತು.

ಬಲಗಿವಿ ಸಲೀಸಾಗಿ ಮುಗಿಯಿತು. ಎಡಗಿವಿಗೆ ಬಂದು ಕೀ ಒತ್ತಿದಳು. ಕೇಳಿಸಿತೆಂದು ಅಣ್ಣ ಗುಂಡಿ ಒತ್ತಿದ, ಇವಳ ಮುಂದೆ ಹಸಿರು ದೀಪ ಹತ್ತಿತು. ಇನ್ನೊಮ್ಮೆ ಒತ್ತಿದಳು, ಮತ್ತೆ ದೀಪ. ಏಳನೆಯ ದೀಪದ ಹೊತ್ತಿಗೆ ಅವಳ ಕಣ್ಣು ಮೀಟರಿನ ಮೇಲೆ ಬಿತ್ತು. ಮುಳ್ಳು ಸೊನ್ನೆಯಲ್ಲೇ ಮಲಗಿತ್ತು.

ಇಲ್ಲದ ಸದ್ದು ಅಣ್ಣನಿಗೆ ಏಳು ಸಲ ಕೇಳಿಸಿತ್ತು. ಅವಳು ತಲೆಯೆತ್ತಿದಳು. ಅವನ ನೋಟ ನೆಟ್ಟಿದ್ದು ಅವಳ ಬಲಭುಜದ ಮೇಲೆ. ಕೀ ಒತ್ತುವಾಗ ಅದು ತುಸು ಏಳುತ್ತದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಎಷ್ಟು ವರ್ಷದಿಂದ ಹೀಗೆ ಕಣ್ಣಿಗೆ ಮಣ್ಣೆರಚಿದ್ದನೋ. ಹೋದ ತಿಂಗಳು ಎಡಗಡೆಯಿಂದ ಬಂದ ಸ್ಕೂಟರಿನ ಹುಡುಗಿ ಇವನ ಬಸ್ಸಿಗೆ ಸಿಕ್ಕಿ ಒಂದು ಕಾಲು ಕಳೆದುಕೊಂಡಿದ್ದಳು. ಅವಳು ಹಾರ್ನೇ ಹೊಡೆಯಲಿಲ್ಲ ಎಂದಿದ್ದ ಅಣ್ಣ. ಅದನ್ನು ನಂಬಿ ತಂಗಿ ಆಸ್ಪತ್ರೆಗೇ ಹೋಗಿ, ಮಲಗಿದ್ದ ಆ ಹುಡುಗಿಗೆ ಬಾಯಿಗೆ ಬಂದಂತೆ ಬೈದು ಬಂದಿದ್ದಳು. ಈಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೇಳಿದರೆ ಇವತ್ತೇ ಅಣ್ಣನ ಕೆಲಸ ಹೋಗುತ್ತದೆ. ಹೇಳದಿದ್ದರೆ ನಾಳೆ ಬೆಳಿಗ್ಗೆ ಬಸ್ಸು ಹೊರಡುತ್ತದೆ. ಓದಿಸಿದವನ ಅನ್ನ ಕಿತ್ತುಕೊಂಡವಳು ಎಂಬ ಮಾತು ಅವಳಿಗೆ ಬೇಡವಾಗಿತ್ತು. ಅವನ ಬಾಯಿಂದಲೇ ಬರಲಿ ಎಂದುಕೊಂಡಳು.

"ಕಾರ್ಡ್ ಮಲಗಿತ್ತು ಡಾಕ್ಟ್ರೇ. ಎಡಗಿವಿಗೆ ಇಲ್ಲಿವರೆಗೂ ಸದ್ದೇ ಹೋಗಿಲ್ಲ, ಇನ್ನೊಂದ್ಸಲ ಮಾಡ್ತೀನಿ" ಎಂದು ಮೆಲ್ಲನೆ ಹೇಳಿ, ಮೀಟರನ್ನು ಅವರತ್ತ ತಿರುಗಿಸಿದಳು. ನಾಲ್ಕು ಸದ್ದು ಬಿಟ್ಟಳು. ಆಮೇಲೆ ಮೊಣಕೈಯನ್ನು ಮೇಜಿಗೂರಿ, ಭುಜ ಮಿಸುಕದಂತೆ ಬೆರಳ ತುದಿಯನ್ನಷ್ಟೇ ಆಡಿಸುತ್ತ, ಅಣ್ಣನ ಮುಖ ನೋಡಿ ನಕ್ಕಳು. ಅವನೂ ನಕ್ಕ. ಮೆಲ್ಲನೆಯ ಸದ್ದು ಹೋಯಿತು, ಅದಕ್ಕಿಂತ ಜೋರಾದದ್ದು ಹೋಯಿತು, ಕೊನೆಗೆ ಎದುರು ಕೂತು ಮಾತಾಡುವಷ್ಟು ಜೋರಾದದ್ದೂ ಹೋಯಿತು. ಪ್ರತಿ ಸಲವೂ ಮುಳ್ಳು ಕುಣಿಯಿತು, ದೀಪ ಹತ್ತಲಿಲ್ಲ. ಡಾಕ್ಟರು ಮುಂದಕ್ಕೆ ಬಾಗಿ ನೋಡತೊಡಗಿದರು.

ಅವಳು ತನ್ನ ಮೈಕಿನ ದನಿ ಅಣ್ಣನ ಬಲಗಿವಿಗೆ ಹೋಗುವಂತೆ ಮಾಡಿ ಕೇಳಿದಳು. "ಎಡಗಿವೀಲಿ ಈಗ ಎಷ್ಟು ಸದ್ದು ಬಂತಣ್ಣ? ಡಾಕ್ಟ್ರಿಗೆ ಹೇಳು."

"ಎಲ್ಲಿ ಸದ್ದು? ನೀನಿನ್ನೂ ಶುರುನೇ ಮಾಡಿಲ್ವಲ್ಲೇ" ಎಂದು ಅಣ್ಣ ನಗುತ್ತ ಡಾಕ್ಟರ ಕಡೆ ನೋಡಿದ.