ಮೈನಸ್ ಏಳರಲ್ಲಿ ಎಡೆ

ಒಂದೂರಲ್ಲಿ ಒಬ್ಬಳು ಮಗಳಿದ್ದಳಂತೆ. ಅವಳಿಗೆ ಅಪ್ಪ ಇದ್ದಾನೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲವಂತೆ. ಒಂದು ದಿನ ಅವಳು ಏಳು ಕೆರೆ ದಾಟಿ, ಏಳು ಬೆಟ್ಟ ಹತ್ತಿಳಿದು, ಸಮುದ್ರದ ದಡಕ್ಕೆ ಬಂದು—

ಜಿಪ್ಪು ಕತ್ತಿನ ಹತ್ತಿರ ಸಿಕ್ಕಿಕೊಂಡಿತು.

ರಂಜಿತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ಕತೆಯನ್ನು ದಡದಲ್ಲೇ ಬಿಟ್ಟು ಜಿಪ್ಪನ್ನು ಎಳೆದಳು. ಮೊಣಕಾಲು ಮುಚ್ಚುವ ನೀಲಿ ಕೋಟು, ಅದಕ್ಕೇ ಸೇರಿಸಿ ಹೊಲಿದ ಟೊಪ್ಪಿಗೆ. ಹಿಂದಿನ ತಂಡದ ಯಾರದೋ ಮೈಬಿಸಿ ಅದರೊಳಗೆ ಇನ್ನೂ ಇತ್ತು. ಹೊರಗೆ ಗೋವಾದ ಬಿಸಿಲು, ಜಿಗುಟು ಗಾಳಿ. ಎದುರಿನ ಐಸ್ ಬಾರಿನ ಉಕ್ಕಿನ ಬಾಗಿಲ ಮೇಲೆ ಬರೆದ ಪೆಂಗ್ವಿನ್ ಒಂದು ‘ಮೈನಸ್ ಏಳು ಡಿಗ್ರಿ’ ಎಂಬ ಹಲಗೆ ಹಿಡಿದು ನಗುತ್ತಿತ್ತು. ಒಳಗೆ ಗೋಡೆ, ಕುರ್ಚಿ, ಮೇಜು, ಕುಡಿಯುವ ಲೋಟ ಎಲ್ಲವೂ ಮಂಜುಗಡ್ಡೆಯವಂತೆ.

“ಏನ್ ಮೇಡಮ್ಮೋರೆ, ಫಿಸಿಕ್ಸ್ ಲೆಕ್ಚರರ್ರಿಗೆ ಜಿಪ್ಪು ಆಕ್ಕೊಳ್ಳಕ್ಕೆ ಬರಲ್ವಾ?” ಎಂದ ಅಪ್ಪು. ಅವನು ಅವಳ ಗಂಡ ನಂದೀಶನ ಗೆಳೆಯ. ಅಪ್ಪು ಮತ್ತು ಅವನ ಹೆಂಡತಿ ಶ್ವೇತ, ನಂದೀಶ ಮತ್ತು ಅವಳು, ನಾಲ್ವರೂ ಮಂಡ್ಯದಿಂದ ಒಂದೇ ಕಾರಿನಲ್ಲಿ ಬಂದಿದ್ದರು.

“ವರ್ಷವೆಲ್ಲ ಬೇಯ್ತೀವಲ್ಲ. ಮುಕ್ಕಾಲು ಗಂಟೆ ಹೆಪ್ಪುಗಟ್ಟೋಣ ಬಾ,” ಎಂದ ನಂದೀಶ. ಅವಳ ಕಡೆ ನೋಡಲಿಲ್ಲ. ಗೋಡೆಯ ಕನ್ನಡಿಯಲ್ಲಿ ತನ್ನ ಕೋಟನ್ನು ನೋಡಿಕೊಳ್ಳುತ್ತಿದ್ದ.

ಆ ದಿನ ಮಹಾಲಯ ಅಮಾವಾಸ್ಯೆ. ಗಂಟೆ ನಾಲ್ಕೂವರೆ. ದೀಪ ಹಚ್ಚುವ ಹೊತ್ತಿನೊಳಗೆ ಆಗಬೇಕಾದ ಕೆಲಸ ಒಂದಿತ್ತು. ಬೆಳಿಗ್ಗೆ ಸಮುದ್ರದ ಹತ್ತಿರ ಮಾಡಬಹುದಾಗಿತ್ತು, ಮಾಡಲಿಲ್ಲ. ಮಧ್ಯಾಹ್ನ ಹೋಟೆಲಿನ ರೂಮಿನಲ್ಲಿ ನಂದೀಶ ಸ್ನಾನಕ್ಕೆ ಹೋದಾಗ ಮಾಡಬಹುದಾಗಿತ್ತು. ಟಿ.ವಿ. ಹಾಕಿಕೊಂಡು ಕೂತಳು.

ಹೋದ ಭಾನುವಾರ ಮಳವಳ್ಳಿ ಹತ್ತಿರದ ತವರೂರಿಗೆ ಹೋದಾಗ ಅಜ್ಜಿ, ಅಪ್ಪನ ತಾಯಿ ಚಿಕ್ಕಬೋರಮ್ಮ, ಅವಳನ್ನು ಅಡಿಗೆಮನೆಯ ಮೂಲೆಗೆ ಕರೆದಿದ್ದಳು. ಹಿಂದೆ ಏಳು ಸಮುದ್ರದ ಕತೆ ಹೇಳುವಾಗ ಕರೆಯುತ್ತಿದ್ದ ದನಿಯಲ್ಲೇ.

“ನಿಮ್ಮಪ್ಪ ಕನಸ್ನಾಗೆ ಬತ್ತಾವ್ನೆ ಕಣವ್ವ. ಬಾಗ್ಲಲ್ಲೇ ನಿಂತ್ಕೊಂಡು ಕುಡಿಯಕ್ಕೆ ಕೊಡಿ ಅಂತಾನೆ. ಬದುಕಿರೋನಾದ್ರೆ ಒಳೀಕೆ ಬಂದು ತಾನೇ ಬಗ್ಗಿಸ್ಕೊಳ್ಳಾಕಿಲ್ವಾ?”

“ಅದು ಕನಸು ಅಜ್ಜಿ.”

“ಊಂ, ಕನಸೇಯ. ನಾನೇನ್ ಬಸ್ ಸ್ಟಾಂಡು ಅಂದ್ನಾ?”

ಅಜ್ಜಿ ಒಲೆಗೆ ಸೌದೆ ನೂಕಿದಳು.

“ಮಾರ್ಲಾಮಿ ಅಮಾಸೆ ದಿನ ಅವನ ಯೆಸ್ರಲ್ಲಿ ಒಂದೇ ಒಂದ್ ಲೋಟ ಎಡೆ ಇಕ್ಬುಡು. ಊರಾಚೆ ಎಲ್ಲಾರ ಸೈ. ಯೆಸ್ರಿಡಿದು ಕರಿ. ನಿಮ್ಮವ್ವನ್ಗೆ ಮಾತ್ರ ಏಳ್ಬ್ಯಾಡ.”

“ನಾನ್ಯಾಕೆ? ಚಿಕ್ಕಪ್ಪ ಇಕ್ಕಲಿ.”

“ಬದುಕಿರೋನ್ಗೆ ಎಡೆ ಇಕ್ಕಿ ಪಾಪ ಕಟ್ಕೊಳ್ಳಾಕಿಲ್ಲ ಅಂತಾನೆ ಅವನು. ನೀನು ಓದಿರೋಳು. ನಿಂಗೆ ತಟ್ಟಾಕಿಲ್ಲ ಬುಡು.”

ಆಯ್ತು ಎಂದಿದ್ದಳು. ಅಡಿಗೆಮನೆಯ ಹೊಗೆಯಿಂದ ಹೊರಗೆ ಬರಲು ಬೇರೆ ದಾರಿ ಇರಲಿಲ್ಲ. ಅಜ್ಜಿ ಅವಳ ಅಂಗೈ ಮೇಲೆ ತನ್ನ ಅಂಗೈ ಊರಿ ಭಾಷೆ ತೆಗೆದುಕೊಂಡಳು.

ಅಪ್ಪ ಚಲುವರಾಜು ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಪ್ರೈವೇಟ್ ಬಸ್ಸಿನ ಕಂಡಕ್ಟರು. ಇಪ್ಪತ್ತೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಮದ್ದೂರಿನಲ್ಲಿ ಟೀ ಕುಡಿಯಲು ಇಳಿದವನು ಮತ್ತೆ ಹತ್ತಲಿಲ್ಲ. ಡ್ರೈವರ್ ಮರಿಸಿದ್ದಯ್ಯ ಇಪ್ಪತ್ತು ನಿಮಿಷ ಹಾರನ್ ಒತ್ತಿದನಂತೆ. ಜನ ಬೈದರಂತೆ. ಕೊನೆಗೆ ಬಸ್ಸು ಹೊರಟಿತು. ಜಗಳ ಇರಲಿಲ್ಲ, ಕಾಯಿಲೆ ಇರಲಿಲ್ಲ, ಇನ್ನೊಬ್ಬ ಹೆಂಗಸೂ ಇರಲಿಲ್ಲ. ಕಾರಣವೊಂದು ಇದ್ದಿದ್ದರೆ ಮನೆಯವರು ಅದನ್ನು ಹಿಡಿದುಕೊಂಡು ಅಳಬಹುದಾಗಿತ್ತು.

ಅವ್ವ ಶಿವನಂಜಮ್ಮ ಅಳಲಿಲ್ಲ. ಪ್ರತಿ ಬೆಳಿಗ್ಗೆ ಹಣೆಗೆ ಇಡುತ್ತಿದ್ದ ಕುಂಕುಮವನ್ನು ಮೊದಲಿಗಿಂತ ಸ್ವಲ್ಪ ದೊಡ್ಡದಾಗಿ ಇಡತೊಡಗಿದಳು. ರಂಜಿತಳ ಮದುವೆಯ ಕಾಗದ ಅಚ್ಚಾಗುವಾಗ ಪ್ರೆಸ್ಸಿನವನು ಕೇಳಿದ: ಚಲುವರಾಜು ಅವರ ಹೆಸರಿಗೆ ‘ಶ್ರೀ’ ಹಾಕಲೋ, ‘ದಿವಂಗತ’ ಹಾಕಲೋ? ಅವ್ವ ಪ್ರೆಸ್ಸಿನಲ್ಲೇ ಚಪ್ಪಲಿ ತೆಗೆಯುವುದೊಂದು ಬಾಕಿ.

ಈ ಎಡೆ ಸತ್ತವರಿಗೆ ಮಾತ್ರ. ಎಡೆ ಇಕ್ಕಿದ ಗಳಿಗೆಗೆ ಅಪ್ಪ ಸತ್ತಂತೆ, ಅವ್ವ ಮುಂಡೆಯಾದಂತೆ. ಅದೂ ಮಗಳ ಕೈಯಿಂದ, ಅವ್ವನಿಗೆ ಗೊತ್ತಿಲ್ಲದಂತೆ. ಇಕ್ಕದಿದ್ದರೆ ಅಜ್ಜಿಯ ಕನಸಿನ ಬಾಗಿಲಲ್ಲಿ ಅವನು ಬಾಯಾರಿ ನಿಂತೇ ಇರುತ್ತಾನೆ. ಇದರಲ್ಲಿ ಯಾವುದನ್ನೂ ರಂಜಿತ ನಂಬುವುದಿಲ್ಲ. ಆದರೂ ಆರು ದಿನದಿಂದ ಅವಳಿಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಫೋನುಗಳನ್ನು ಹೊರಗೇ ಇಡಬೇಕು ಎಂದು ಕೌಂಟರಿನ ಹುಡುಗಿ ಹೇಳಿದಳು. ರಂಜಿತ ತನ್ನದನ್ನು ಕೊಡುವಷ್ಟರಲ್ಲಿ ರಿಂಗಾಯಿತು. ಅವ್ವ.

“ಉಂಡ್ರಾ ಮಗಾ?”

“ಹೂಂ ಅವ್ವ.”

“ಸಮುದ್ರ ನೋಡುದ್ಯಾ? ಕಾಲು ಅದ್ದುದ್ಯಾ? ಉಸಾರು ಕಣೆ, ಅಲೆ ಎಳ್ಕೊಂಡೋಯ್ತದಂತೆ.”

“ನೋಡ್ದೆ.”

“ಅಲ್ಲಿ ಸಮುದ್ರದ ಚಿಪ್ಪಿನ ಬಳೆ ಸಿಕ್ತವಂತೆ. ಪಕ್ಕದ್ಮನೆ ಬೆಳ್ಳಮ್ಮ ತಂದವ್ಳೆ, ಏನ್ ಒಳೀತವೆ ಅಂತೀಯ. ನಂಗೂ ಒಂದ್ ಜೊತೆ ತತ್ತೀಯಾ? ಕೆಂಪಿಂದು.”

ರಂಜಿತ ಬಾಯಿ ತೆರೆದಳು. “ತರ್ತೀನಿ” ಎಂದಳು. ಕೌಂಟರಿನ ಹುಡುಗಿ ಫೋನನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕಿ ಮುಚ್ಚಿದಳು.

ಉಕ್ಕಿನ ಬಾಗಿಲು ತೆರೆಯಿತು. ಚಳಿ ಮೊದಲು ಹಲ್ಲಿಗೆ ತಗುಲಿತು.

ನೀಲಿ ಬೆಳಕು. ಮಂಜುಗಡ್ಡೆಯ ನವಿಲು, ಮಂಜುಗಡ್ಡೆಯ ಸಿಂಹಾಸನ, ಮಧ್ಯೆ ಅಡ್ಡಗೋಡೆ. ಇಪ್ಪತ್ತು ಜನ ಒಂದೇ ಥರದ ಕೋಟಿನಲ್ಲಿ, ಒಂದೇ ಥರ ಬಾಯಿಂದ ಹೊಗೆ ಬಿಡುತ್ತ ತಿರುಗುತ್ತಿದ್ದರು. ಯಾರು ಗಂಡಸು, ಯಾರು ಹೆಂಗಸು ಎಂದು ಹಿಂದಿನಿಂದ ತಿಳಿಯುತ್ತಿರಲಿಲ್ಲ. ಅಜ್ಜಿಯ ಕತೆಗಳಲ್ಲಿ ಸತ್ತವರ ಊರು ಹೀಗೇ ಇರುತ್ತಿತ್ತು. ಹಾಡು ಮಾತ್ರ ಇಷ್ಟು ಜೋರಾಗಿರಲಿಲ್ಲ.

“ಅಯ್ಯೋ, ಸಿಂಹಾಸನದ ಮೇಲೆ ಕೂತ್ರೆ ಹಿಂದೆಲ್ಲ ಮರಗಟ್ಟೋಯ್ತದೆ ಕಣ್ರೀ,” ಎಂದಳು ಶ್ವೇತ, ಕೂತುಕೊಂಡೇ.

“ನೀನ್ ಮನೇಲೂ ಹಂಗೇ ಕೂತಿರ್ತೀಯ, ಬುಡು,” ಎಂದ ಅಪ್ಪು.

ಒಬ್ಬೊಬ್ಬರಿಗೆ ಒಂದೊಂದು ಲೋಟ. ಬಾರಿನವನು ಹಿಂದಿಯಲ್ಲಿ ಏನು ಬೇಕೆಂದು ಕೇಳುತ್ತ ಬಂದ. ನಂದೀಶ ತನ್ನದು ಹೇಳಿ, “ಇವಳಿಗೆ ಜ್ಯೂಸು” ಎಂದ.

“ಬ್ರಾಂದಿ,” ಎಂದಳು ರಂಜಿತ.

ಮೂವರೂ ತಿರುಗಿದರು.

“ಲೇ ನಂದೀಶ! ನೋಡ್ಲಾ! ಮೂರು ವರ್ಷದಿಂದ ಒಳ್ಳೆ ಸೊಸೆ ಥರ ಇದ್ಬುಟ್ಟು, ಸಮುದ್ರ ಕಂಡೇಟ್ಗೆ ಬ್ರಾಂದಿ ಅಂತಾರಲ್ಲಾ!” ಅಪ್ಪು ಕೈಗವಸು ತೊಟ್ಟ ಕೈಗಳಿಂದ ಚಪ್ಪಾಳೆ ತಟ್ಟಿದ. ಸದ್ದೇ ಬರಲಿಲ್ಲ.

“ತಮಾಷೆಗೆ,” ಎಂದ ನಂದೀಶ, ಬಾರಿನವನಿಗೆ.

“ತಮಾಷೆ ಅಲ್ಲ,” ಎಂದಳು.

ಅಪ್ಪ ಕುಡಿಯುತ್ತಿದ್ದುದು ಬ್ರಾಂದಿಯೇ? ಅಜ್ಜಿಯನ್ನು ಕೇಳಿದ್ದಳು. “ನಾನೇನ್ ಮೂಸಿ ನೋಡಿದ್ನಾ?” ಎಂದಿದ್ದಳು ಅಜ್ಜಿ. ರಂಜಿತಳಿಗೆ ನೆನಪಿದ್ದುದು ಬೇರೆ: ಬಸ್ಸಿನ ಎಂಜಿನ್ ಪಕ್ಕದ ಸೀಟು, ಕಬ್ಬಿನ ಹಾಲಿನ ಲೋಟ, ಹಾಲು ಮುಗಿದ ಮೇಲೆ ತಳದಲ್ಲಿ ಉಳಿದ ಐಸನ್ನು ಕಟಕಟ ಕಡಿಯುವ ಒಂದು ದವಡೆ. ಆ ದವಡೆ ಅಪ್ಪನದೋ ಡ್ರೈವರ್ ಮರಿಸಿದ್ದಯ್ಯನದೋ ಈಗ ಗೊತ್ತಾಗುತ್ತಿರಲಿಲ್ಲ. ಮುಖ ಹುಡುಕಿದರೆ ಕಾಖಿ ಕಾಲರು ಸಿಗುತ್ತಿತ್ತು. ಇಷ್ಟೂ ನೆನಪಿಲ್ಲದವನನ್ನು ಕೊಲ್ಲುವುದು ಹೇಗೆ? ಕಾಯುವುದಾದರೂ ಹೇಗೆ?

ತರಗತಿಯಲ್ಲಿ ಅವಳು ಹೇಳುತ್ತಿದ್ದಳು: ಮಂಜುಗಡ್ಡೆಯಲ್ಲೂ ಅಣುಗಳು ನಿಂತಿರುವುದಿಲ್ಲ, ಇದ್ದಲ್ಲೇ ನಡುಗುತ್ತಿರುತ್ತವೆ. ಪೂರ್ತಿ ನಿಲ್ಲಬೇಕಾದರೆ ಇನ್ನೂ ಕೆಳಗೆ ಹೋಗಬೇಕು, ಅಲ್ಲಿಗೆ ಇದುವರೆಗೆ ಯಾರೂ ಹೋಗಿಲ್ಲ. ಮಕ್ಕಳು ಬರೆದುಕೊಳ್ಳುತ್ತಿದ್ದರು.

ಲೋಟ ಬಂತು. ಅಡ್ಡಗೋಡೆಯ ಹಿಂದೆ ಒಂದು ಗೂಡಿನಂಥ ಜಾಗ, ಚಿಕ್ಕ ಮೇಜು. ಅವಳು ಲೋಟವನ್ನು ಅಲ್ಲಿ ಇಟ್ಟು ನಿಂತಳು. ಹೆಸರು ಹಿಡಿದು ಕರೆಯಬೇಕು. ಜನ ಹಾದುಹೋಗುತ್ತಿದ್ದರು. ಬಾಯಿಂದ ಬರೀ ಹೊಗೆ ಬಂತು.

“ಕುಡೀಲಿಲ್ವಾ? ಗೊತ್ತಿತ್ತು ಬುಡಿ. ಕೊಡಿ ಇಲ್ಲಿ, ದಂಡ ಆಗೋದು ಬ್ಯಾಡ.” ಅಪ್ಪು ಕೈ ಚಾಚಿದ.

“ಮುಟ್ಟಬೇಡಿ!”

ಅವಳು ಅವನ ಕೈಗೆ ಹೊಡೆದಿದ್ದಳು. ದಪ್ಪ ಕೈಗವಸಿನ ಮೇಲೆ ಬಿದ್ದ ಪೆಟ್ಟು, ನೋವಾಗಿರಲಾರದು. ಆದರೂ ಅಪ್ಪು ಕೈಯನ್ನು ಎದೆಗೊತ್ತಿಕೊಂಡು ನಿಂತ. ನಂದೀಶ ಬಂದ.

“ಏನಾಯ್ತು?”

“ಏನಿಲ್ಲ.”

“ಹೊಡೆದೆಯಂತೆ.”

“ಎಂಜಲಾಗ್ತಿತ್ತು.”

“ಏನು ಎಂಜಲು?”

ಅವಳು ಹೇಳಬಹುದಾಗಿತ್ತು. ಅಪ್ಪ ಕಾಣೆಯಾದದ್ದು ಅವನಿಗೆ ಗೊತ್ತು. ಮದುವೆಗೆ ಮೊದಲು ಒಮ್ಮೆ “ಇದೆಲ್ಲ ನನಗೇನೂ ಪ್ರಾಬ್ಲಂ ಇಲ್ಲ” ಎಂದಿದ್ದ. ಆಮೇಲೆ ಆ ವಿಷಯ ಎತ್ತಿದವನಲ್ಲ. ಅವನ ಮನೆಯಲ್ಲಿ ಹೋದ ವಾರವೇ ಹಿರಿಯರ ಹಬ್ಬ ಮಾಡಿ ಮುಗಿಸಿದ್ದರು. ಫೋಟೋಗಳ ಮುಂದೆ ಎಲೆಗಳ ಸಾಲು. ತಾತ, ಮುತ್ತಾತ, ಯಾರ ಬಗ್ಗೆಯೂ ಅನುಮಾನವಿಲ್ಲ.

“ನಂದೀಶ, ಒಬ್ಬ ಮನುಷ್ಯ ಸತ್ತಿದ್ದಾನೆ ಅಂತ—” ಎಂದು ಶುರುಮಾಡಿದಳು.

“ಇಲ್ಲೂ ಶುರು ಮಾಡಬೇಡ, ಪ್ಲೀಸ್. ಅವರಿಗೆ ಬೇಜಾರಾಗುತ್ತೆ. ಒಂದು ಸಾರಿ ಕೇಳ್ಬಿಡು.” ಅವನು ಹೋದ. ನಾಲ್ಕು ಹೆಜ್ಜೆ ಆಚೆಗೆ ಅವನ ಬೆನ್ನು ಇತರ ಬೆನ್ನುಗಳೊಳಗೆ ಕಲೆತುಹೋಯಿತು.

ಅವಳು ಗೂಡಿನೊಳಗೆ ಒತ್ತಿಕೊಂಡು ನಿಂತಳು. ಬೆರಳ ತುದಿಗಳು ಇದ್ದಾವೋ ಇಲ್ಲವೋ ಎನ್ನುವಂತಾಗಿತ್ತು. ಎಷ್ಟು ಹೊತ್ತು ನಿಂತಳೋ. ಗಂಟೆ ಬಾರಿಸಿತು, ಹಾಡು ನಿಂತಿತು. ಎಲ್ಲರೂ ಹೊರಡಬೇಕೆಂದು ಯಾರೋ ಮೂರು ಭಾಷೆಯಲ್ಲಿ ಕೂಗಿದರು. ಅಡ್ಡಗೋಡೆಯ ಮಂಜಿನ ಮೂಲಕ ನೀಲಿ ಆಕಾರಗಳು ಬಾಗಿಲ ಕಡೆ ಸರಿಯುವುದು ಕಂಡಿತು. “ನಡಿ, ನಡಿ, ಕಾಲು ಮರಗಟ್ತು” ಎಂಬ ನಂದೀಶನ ದನಿ ಕೇಳಿತು. ಅವನು ಟೊಪ್ಪಿಗೆ ಮುಚ್ಚಿದ ಯಾವುದೋ ಕೋಟಿನ ಹೆಗಲ ಮೇಲೆ ಕೈಯಿಟ್ಟು, ಅದನ್ನು ಮುಂದೆ ತಳ್ಳುತ್ತ ಹೊರಗೆ ನಡೆದ.

ಬಾಗಿಲು ಮುಚ್ಚಿತು. ಮುಂದಿನ ತಂಡದವರೆಗೆ ಬೆಳಕನ್ನೂ ಇಳಿಸಿದರು.

ಅವಳಿಗೆ ಹೆದರಿಕೆಯಾಗಲಿಲ್ಲ. ಬಾಗಿಲ ಒಳಗಡೆ ಹಸಿರಾಗಿ ಹೊಳೆಯುವ ಹಿಡಿಯಿತ್ತು, ತಳ್ಳಿದರೆ ತೆರೆಯುವಂಥದ್ದು. ಹತ್ತು ಹೆಜ್ಜೆ. ಈಗ ಕೇಳುವವರು ಯಾರೂ ಇರಲಿಲ್ಲ.

“ಚಲುವರಾಜು,” ಎಂದಳು.

ಅಪ್ಪನ ಹೆಸರನ್ನು ಅವನನ್ನು ಕರೆಯಲೆಂದು ಹೇಳಿದ್ದು ಇದೇ ಮೊದಲು. ಹಾಜರಿ ಕರೆದಂತೆ ಇತ್ತು. ಇನ್ನೊಮ್ಮೆ ಕರೆದಳು. ಹೊಗೆ ಮುಖದ ಮುಂದೆ ನಿಂತು, ಕಾಲರಿನಷ್ಟು ಅಗಲವಾಗಿ, ಕರಗಿತು. ಆಯಿತು. ಅವ್ವ ಈಗ ಊರಿನಲ್ಲಿ ಏನು ಮಾಡುತ್ತಿರಬಹುದು? ಮುಖ ತೊಳೆದು ಕನ್ನಡಿಯ ಮುಂದೆ ಕುಂಕುಮದ ಡಬ್ಬಿ ತೆಗೆಯುತ್ತಿರಬಹುದು.

ಎಡೆ ಇಕ್ಕಿದ ಮೇಲೆ ಮನೆಮಂದಿಯೆಲ್ಲ ಆಚೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಸತ್ತವರು ಬಂದು ಉಣ್ಣುವುದನ್ನು ಬದುಕಿರುವವರು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಆಮೇಲೆ ಒಳಗೆ ಹೋಗಬೇಕು. ರಂಜಿತ ಬಾಗಿಲ ಕಡೆ ನೋಡಿದಳು. ಬದುಕಿರುವವರೆಲ್ಲ ಆಚೆಗಿದ್ದರು. ಕೋಟು ಬಿಚ್ಚಿಕೊಳ್ಳುತ್ತಿರಬಹುದು, ಫೋನು ಇಸಿದುಕೊಳ್ಳುತ್ತಿರಬಹುದು. ಎಲ್ಲಾದರೂ ಬಿಸಿ ಟೀ ಕುಡಿಯೋಣ ಎನ್ನುತ್ತಿರಬಹುದು.

ಹತ್ತು ಹೆಜ್ಜೆಯನ್ನು ಮನಸ್ಸಿನಲ್ಲೇ ನಡೆದು ನೋಡಿದಳು. ಕಾಲು ಏಳಲಿಲ್ಲ.

ಒಳಗೆ ಒಂದು ಲೋಟ ಇತ್ತು. ಒಬ್ಬಳು ಇದ್ದಳು. ಗಂಟಲು ಒಣಗಿ ಬಿರಿಯುತ್ತಿತ್ತು. ಬೆಳಗಿನಿಂದ ಒಂದು ಗುಟುಕು ನೀರೂ ಕುಡಿದಿಲ್ಲವೆಂದು ಈಗ ಗೊತ್ತಾಯಿತು.

ಕೈಗವಸು ಕಳಚಿದಳು. ಎರಡೂ ಕೈಯಿಂದ ಲೋಟ ಎತ್ತಿ ತುಟಿಗೆ ಒತ್ತಿಕೊಂಡಳು. ಬ್ರಾಂದಿ ಸುಡುತ್ತ ಇಳಿಯಿತು. ನಿಲ್ಲಿಸದೆ, ತಳದವರೆಗೆ, ಯಾರೋ ಬಹಳ ದೂರದಿಂದ ನಡೆದು ಬಂದವರ ಹಾಗೆ ಕುಡಿದಳು.

ಆಚೆಯಿಂದ ಯಾರೋ ಬಾಗಿಲು ತಟ್ಟತೊಡಗಿದರು.

ಅವಳು ಲೋಟ ಇಳಿಸಲು ನೋಡಿದಳು. ಅದು ಬರಲಿಲ್ಲ. ಒದ್ದೆ ತುಟಿ ಮಂಜುಗಡ್ಡೆಗೆ ಅಂಟಿಕೊಂಡಿತ್ತು. ಎಳೆದರೆ ಚರ್ಮ ಬರುತ್ತಿತ್ತು. ಲೋಟದ ದಪ್ಪ ತಳದ ಮೂಲಕ ಬಾಗಿಲು ತೆರೆಯುವುದು, ಬೆಳಕಿನಲ್ಲಿ ಒಂದಷ್ಟು ಜನ ತಲೆ ಚಾಚಿ ಒಳಗೆ ಇಣುಕುವುದು ಕಂಡಿತು. ತುಂಬ ಸಣ್ಣಗೆ, ತಲೆಕೆಳಗಾಗಿ. ಯಾರೋ ಒಂದು ಹೆಸರು ಹಿಡಿದು ಕರೆದರು. ಲೋಟದಲ್ಲಿ ಏನೂ ಉಳಿದಿರಲಿಲ್ಲ.