ನಲವತ್ತು ಸೆಕೆಂಡು ಹಿಂದೆ

ಧೂಳಿತ್ತು. ಅಷ್ಟಂತೂ ನಿಜ. ಜಲ್ಲಿ ಸುರಿದಿದ್ದ ಆ ತಿರುವಿನಲ್ಲಿ ಐವತ್ತು ಸೈಕಲ್ಲು ಒಟ್ಟಿಗೆ ನುಗ್ಗಿದರೆ ಧೂಳು ಏಳದೆ ಇನ್ನೇನು ಎದ್ದೀತು? ಆದರೆ ಎಷ್ಟು ಧೂಳು? ಹಿಂತಿರುಗಿ ನೋಡಿದವನಿಗೆ ಏನೂ ಕಾಣದಷ್ಟಿತ್ತೋ, ಕಂಡೂ ಕಾಣದವನಂತೆ ಹೋಗುವುದಕ್ಕೆ ಸಾಕಾಗುವಷ್ಟಿತ್ತೋ? ಅದೂ ಇರಲಿ, ತಾನು ಹಿಂತಿರುಗಿ ನೋಡಿದ್ದಾದರೂ ನಿಜವೋ, ಇಲ್ಲಾ ಇಪ್ಪತ್ತೆರಡು ವರ್ಷ ನೆನೆದು ನೆನೆದು ಆ ಕತ್ತು ತಾನಾಗಿಯೇ ಹಿಂದಕ್ಕೆ ತಿರುಗಿಕೊಂಡಿತೋ?

ಕೈಯಲ್ಲಿದ್ದ ಹಲ್ಲನ್ನು ಅವನು ಮೇಣದಲ್ಲಿ ಕೂರಿಸಿದ. ಸೊಟ್ಟಗೆ ಕೂತಿತು. ಕಿತ್ತು ಮತ್ತೆ ಕೂರಿಸಿದ.

ಅವನ ಕಸುಬು ಹಲ್ಲು ಕಟ್ಟುವುದು. ದಂತವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಹೊಯ್ದು ದವಡೆ ಮಾಡಿ, ಅದರ ಮೇಲೆ ಗುಲಾಬಿ ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ಜೋಡಿಸಿ ಸೆಟ್ಟು ಮಾಡಿಕೊಡುತ್ತಾನೆ. ಕೆಳಗಿನ ಮನೆಯ ಎರಡು ಕೋಣೆ ಅವನದು. ಮುಂದಿನದು ಕೆಲಸಕ್ಕೆ, ಹಿಂದಿನದು ನಿದ್ದೆಗೆ. ಮದುವೆಯ ಗೋಜಿಗೆ ಹೋಗಿರಲಿಲ್ಲ. ಮೇಲಿನ ಮನೆಯಲ್ಲಿ ಅಣ್ಣ ಅತ್ತಿಗೆ. ಬೀದಿಯ ಮೂಲೆಯಲ್ಲಿ ಅಣ್ಣನ ಸೈಕಲ್ ಅಂಗಡಿ. ಸೊಟ್ಟ ಗಾಲಿಯನ್ನು ನೇರ ಮಾಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ಊರೆಲ್ಲ ಅವನನ್ನು ಗಾಲಿಯಣ್ಣ ಎಂದೇ ಕರೆಯುತ್ತದೆ. ಒಬ್ಬ ಗಾಲಿ ಕಟ್ಟುತ್ತಾನೆ, ಒಬ್ಬ ಹಲ್ಲು ಕಟ್ಟುತ್ತಾನೆ, ಇಬ್ಬರಿಗೂ ಬುತ್ತಿ ಕಟ್ಟುವವಳು ಮಾತ್ರ ನಾನೊಬ್ಬಳೇ ಎಂದು ಅತ್ತಿಗೆ ಬಂದವರೆದುರಿಗೆಲ್ಲ ಹೇಳಿ ನಗುತ್ತಾಳೆ.

ಆಗ ಮೂರು ವಾರದ ದೊಡ್ಡ ಸೈಕಲ್ ರೇಸು ನಡೆಯುತ್ತಿತ್ತು. ಇಪ್ಪತ್ತೊಂದು ಹಂತ, ದಿನಕ್ಕೊಂದು. ಅಣ್ಣ ಮೇಲೆ ದುಡ್ಡು ಕಟ್ಟಿದ ಚಾನೆಲ್ಲಿನಲ್ಲಿ ನೋಡುತ್ತಿದ್ದ. ಇವನು ಕೆಳಗೆ ಪ್ಲಾಸ್ಟರ್ ಚೀಲಕ್ಕೆ ಒರಗಿಸಿಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ, ಎಲ್ಲಿಂದಲೋ ಸಿಕ್ಕಿದ ಪುಕ್ಕಟೆ ಕೊಂಡಿಯೊಂದರಲ್ಲಿ ನೋಡುತ್ತಿದ್ದ. ವಿವರಣೆ ಯಾವ ಭಾಷೆಯಲ್ಲಿದೆ ಎನ್ನುವುದೇ ಅವನಿಗೆ ತಿಳಿದಿರಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ ಅವನ ಚಿತ್ರ ಅಣ್ಣನ ಚಿತ್ರಕ್ಕಿಂತ ನಲವತ್ತು ಸೆಕೆಂಡು ಹಿಂದೆ ಓಡುತ್ತಿತ್ತು. ಇವನ ಪರದೆಯ ಮೇಲೆ ಸವಾರರು ಇನ್ನೂ ಕೊನೆಯ ತಿರುವಿನಲ್ಲಿರುವಾಗಲೇ ಮೇಲೆ ಅಣ್ಣನ ಚಪ್ಪಾಳೆ ಬಿದ್ದಿರುತ್ತಿತ್ತು. ಎರಡೇ ದಿನದಲ್ಲಿ ಇವನು ಮೇಲಿನ ಸದ್ದುಗಳ ಅರ್ಥ ಕಲಿತುಕೊಂಡ. ಕುರ್ಚಿ ಕರಕರ ಎಂದರೆ ಯಾರೋ ಗುಂಪು ಬಿಟ್ಟು ಮುಂದೆ ಓಡಿದ್ದಾನೆ. ಲೊಚಗುಟ್ಟಿದರೆ ಯಾರೋ ಬಿದ್ದಿದ್ದಾನೆ. ಆಮೇಲೆ ನಲವತ್ತು ಎಣಿಸಿದರೆ ಸಾಕು, ಆ ಭವಿಷ್ಯ ಪರದೆಯ ಮೇಲೆ ನಡೆದೇ ತೀರುತ್ತಿತ್ತು.

ಮೇಲೆ ಹೋಗಿ ಜೊತೆಗೇ ಕೂತು ನೋಡಬಾರದೇ ಎಂದು ಅತ್ತಿಗೆ ದಿನವೂ ಕೇಳುತ್ತಿದ್ದಳು. ಮೇಣ ಆರಿಹೋಗುತ್ತದೆ ಎಂದು ಇವನು ದಿನವೂ ಹೇಳುತ್ತಿದ್ದ. ಮೇಣ ಆರುತ್ತಿದ್ದದ್ದು ನಿಜ.

ಅವಳಿಗೆ ಆ ರೇಸು ತಲೆಬುಡ ಅರ್ಥವಾಗುತ್ತಿರಲಿಲ್ಲ. "ಇವತ್ತು ಗೆದ್ದವನು ಒಬ್ಬ, ಹಳದಿ ಅಂಗಿ ಹಾಕ್ಕೊಂಡವನು ಇನ್ನೊಬ್ಬ. ಮೂರನೇವನು ಬೆವರು ಸುರಿಸಿ ಎಲ್ಲರಿಗೂ ನೀರು ಹೊತ್ತು ಕೊಟ್ಟು ಕೊನೆಗೆ ಬರ್ತಾನೆ. ಅವನಿಗೆ ಏನು ಸಿಗುತ್ತೆ?" ಎಂದು ಒಮ್ಮೆ ಕೇಳಿದ್ದಳು.

ಎಲ್ಲ ದಿನಗಳ ಸಮಯ ಕೂಡಿಸಿದಾಗ ಮುಂದಿರುವವನಿಗೆ ಹಳದಿ ಅಂಗಿ, ಪ್ರತಿ ತಂಡಕ್ಕೂ ಒಬ್ಬ ಮುಂದಾಳು ಇರುತ್ತಾನೆ, ಉಳಿದವರು ಅವನಿಗಾಗಿ ಓಡಿಸುತ್ತಾರೆ, ಅವನ ಗಾಲಿ ಪಂಕ್ಚರ್ ಆಗಿ ಅವನು ಕೈ ಎತ್ತಿದರೆ ಹತ್ತಿರವಿದ್ದವನು ನಿಂತು ತನ್ನ ಗಾಲಿಯನ್ನೇ ಬಿಚ್ಚಿ ಕೊಟ್ಟು ರಸ್ತೆ ಬದಿಯಲ್ಲಿ ಉಳಿಯಬೇಕು, ಅದೇ ಪದ್ಧತಿ ಎಂದು ಇವನು ವಿವರಿಸಿದ್ದ. ವಿವರಿಸುವಾಗ ಅವಳ ಮುಖ ನೋಡಿರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಐದು ದಿನದ ಒಂದು ರೇಸಿನಲ್ಲಿ ಅಣ್ಣ ಮುಂದಾಳು, ಇವನು ಅವನ ನೀರು ಹೊರುವವನು. ಕೊನೆಯ ದಿನ ಅಣ್ಣ ಒಟ್ಟು ಲೆಕ್ಕದಲ್ಲಿ ಮೂವತ್ತೊಂದು ಸೆಕೆಂಡು ಮುಂದಿದ್ದ. ಜಲ್ಲಿಯ ತಿರುವಿನಲ್ಲಿ ಅವನ ಗಾಲಿ ಹೋಯಿತು. ಇವನು ಸ್ವಲ್ಪ ಮುಂದೆ ಇದ್ದ, ನಿಲ್ಲಲಿಲ್ಲ. ಆ ದಿನ ಇವನ ಕಾಲಲ್ಲಿ ಹಿಂದೆಂದೂ ಇಲ್ಲದ ಕಸುವಿತ್ತು. ಒಂಬತ್ತನೆಯವನಾಗಿ ಬಂದ. ಅಣ್ಣ ಆರು ನಿಮಿಷ ಕಳೆದುಕೊಂಡ.

"ಕೈ ಎತ್ತಿದ್ದೆ. ಕಾಣಲಿಲ್ವೇನೋ?" ಎಂದು ಸಂಜೆ ಅಣ್ಣ ಕೇಳಿದ್ದ.

"ಧೂಳಿತ್ತು," ಎಂದಿದ್ದ ಇವನು.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಣ್ಣ ತಲೆಯಾಡಿಸಿ ಬೂಟಿನ ದಾರ ಬಿಚ್ಚಿದ. ಆ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಹೊಟ್ಟೆಗೆ ಹಾಕಿಕೊಂಡನೋ, ನಂಬಿದನೋ, ಮರೆತನೋ, ಇವನಿಗೆ ಇಂದಿಗೂ ಬಗೆಹರಿದಿಲ್ಲ. ಅಣ್ಣನ ಅಂಗಡಿಯ ಬಾಗಿಲ ಹಿಂದೆ ಮೊಳೆಗೆ ಒಂದು ಹಳೆಯ ಗಾಲಿ ನೇತಾಡುತ್ತದೆ, ಟೈರು ಹರಿದದ್ದು. ಸಾವಿರ ಗಾಲಿ ರಿಪೇರಿ ಮಾಡಿದವನು ಅದೊಂದನ್ನು ಮುಟ್ಟಿಲ್ಲ. ಅದನ್ನು ಕಂಡಾಗಲೆಲ್ಲ ಇವನಿಗೆ ಎದೆಯಲ್ಲಿ ಮುಳ್ಳಾಡಿದಂತಾಗುತ್ತದೆ.

ಈಗ ಅಣ್ಣನ ಮಂಡಿಗಳು ಸವೆದಿದ್ದವು. ನಿಂತು ಕೆಲಸ ಮಾಡಕೂಡದು ಎಂದು ವೈದ್ಯರು ಹೇಳಿಬಿಟ್ಟಿದ್ದರು. ರೇಸು ಶುರುವಾಗುವ ಹಿಂದಿನ ದಿನ ಅವನು ಮೆಟ್ಟಿಲ ಕೆಳಗೆ ಬಂದು ಕೂತು ಇವನನ್ನು ಕರೆದ.

"ಅಂಗಡಿ ನೀನು ತಗೋ. ಈ ಹಲ್ಲನ್ನೆಲ್ಲ ಈಗ ಮಿಷನ್ನೇ ಕೊರೆದು ಹಾಕುತ್ತೆ, ನಿನ್ನ ಕಸುಬು ಇನ್ನೆಷ್ಟು ದಿನ? ಗಾಲಿ ಕಟ್ಟೋದು ನಾನು ಕಲಿಸಿದವರಲ್ಲಿ ನಿನ್ನ ಕೈಗೇ ಸರಿಯಾಗಿ ಕೂತಿರೋದು."

ಬೇರೆಯವರಿಗೆ ಕೊಡಬಾರದೇ ಎಂದು ಇವನು ತಡವರಿಸಿದ.

"ಬೇರೆಯವನು ಯಾರೋ? ರೇಸಿನಲ್ಲಿ ಜೊತೆಗಿದ್ದವನು ನೀನು. ಟೀವಿಯಲ್ಲಿ ಈ ರೇಸು ಮುಗಿಯೋ ದಿನದೊಳಗೆ ಹೇಳು, ಸಾಕು."

ಜೊತೆಗಿದ್ದವನು. ಅದು ಪ್ರೀತಿಯೋ ಚುಚ್ಚುಮಾತೋ? ಆಡಿದವನ ಮುಖದಲ್ಲಿ ಎರಡೂ ಕಾಣಲಿಲ್ಲ, ಬರೀ ಮಂಡಿನೋವು ಕಂಡಿತು. ಆ ಕ್ಷಣದಿಂದ ಇವನಿಗೆ ನಿದ್ದೆ ಹೋಯಿತು. ಅಂಗಡಿ ಬೇಕಿತ್ತು, ಕೈ ಅದಕ್ಕಾಗಿ ತುರಿಸುತ್ತಿತ್ತು. ಆದರೆ ನಿಜ ಹೇಳದೆ ತೆಗೆದುಕೊಂಡರೆ ಕದ್ದ ಹಾಗೆ. ಹೇಳಿದರೆ ಅಂಗಡಿ ಹೋಗಲಿ, ಅಣ್ಣನೇ ಉಳಿಯುತ್ತಾನೋ ಇಲ್ಲವೋ. ಅಷ್ಟಕ್ಕೂ ಹೇಳಬೇಕಾದ ನಿಜ ಯಾವುದು? ಕಂಡಿತ್ತು ಎಂಬುದೋ, ಕಂಡಿತ್ತೋ ಇಲ್ಲವೋ ನನಗೇ ಗೊತ್ತಿಲ್ಲ ಎಂಬುದೋ? ದಿನಕ್ಕೊಂದು ಹಂತ ಮುಗಿಯುತ್ತ ಬಂತು. ಇವನು ಅಡಕತ್ತರಿಯಲ್ಲಿ ಸಿಕ್ಕಂತೆ ಮೇಣ ಕಾಯಿಸುತ್ತ ಕೂತೇ ಇದ್ದ.

ಹದಿನೇಳನೆಯ ಹಂತ ದೊಡ್ಡ ಬೆಟ್ಟದ್ದು. ಅತ್ತಿಗೆ ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಕೆಲಸಕ್ಕೆ ಹೋಗಿದ್ದಳು. ಇವನು ಒಂದು ಸೆಟ್ಟಿಗೆ ಪಾಲಿಶ್ ಹಿಡಿಯಲು ಮೋಟಾರು ಹಾಕಿದವನು ಪರದೆಯಲ್ಲಿ ಮುಳುಗಿ ಅದನ್ನು ಆರಿಸುವುದನ್ನೇ ಮರೆತಿದ್ದ. ಅದು ತನ್ನಷ್ಟಕ್ಕೆ ಗುಂಯ್ ಎನ್ನುತ್ತಿತ್ತು. ಹಳದಿ ಅಂಗಿಯವನು ಇಬ್ಬರು ಸಹಾಯಕರ ಬೆನ್ನು ಹಿಡಿದು ಏರು ಹತ್ತುತ್ತಿದ್ದ.

ಮೇಲೆ ದಢ್ ಎಂದಿತು.

ಇದು ಹೊಸ ಸದ್ದು. ಲೊಚಗುಟ್ಟಿದ್ದಲ್ಲ, ಚಪ್ಪಾಳೆಯಲ್ಲ. ಏನೋ ಭಾರಿ ಆಗಿರಬೇಕು ಎಂದುಕೊಂಡು ಇವನು ಎಣಿಸತೊಡಗಿದ. ಮೂವತ್ತಾಯಿತು, ನಲವತ್ತಾಯಿತು. ಪರದೆಯ ಮೇಲೆ ಅದೇ ಏರು, ಅದೇ ಬೆನ್ನುಗಳು. ಅರವತ್ತಕ್ಕೂ ಏನೂ ಆಗಲಿಲ್ಲ. ತನ್ನ ಚಿತ್ರ ಇನ್ನಷ್ಟು ಹಿಂದೆ ಬಿದ್ದಿತೇ? ಅಷ್ಟರಲ್ಲಿ ಅದು ನಿಂತೇ ಹೋಯಿತು, ನಡುವೆ ಒಂದು ಚಕ್ರ ತಿರುಗತೊಡಗಿತು. ಮತ್ತೆ ತೆರೆದ. ಯಾವುದೋ ಶಾಂಪೂವಿನ ಜಾಹೀರಾತು ಬಂತು. ಜಾಹೀರಾತು ಮುಗಿದಾಗ ಹಳದಿ ಅಂಗಿಯವನು ರಸ್ತೆಯ ಅಂಚಿನಲ್ಲಿ ಕೈ ಎತ್ತಿ ನಿಂತಿದ್ದ.

ಮುಂದಿದ್ದ ಸಹಾಯಕ ಹಿಂತಿರುಗಿ ನೋಡಿದ. ನಿಂತ. ಇಳಿದು ತನ್ನ ಮುಂದಿನ ಗಾಲಿ ಬಿಚ್ಚಿ ಕೊಟ್ಟ. ಮುಂದಾಳು ಹತ್ತಿ ಹೋದ. ಗಾಲಿ ಕೊಟ್ಟವನು ಒಂಟಿ ಗಾಲಿಯ ಸೈಕಲ್ಲು ಹಿಡಿದುಕೊಂಡು, ಯಾರಿಗೂ ಬೇಡದ ಕುರ್ಚಿ ಹೊತ್ತವನಂತೆ, ರಸ್ತೆ ಬದಿಯಲ್ಲಿ ಉಳಿದ.

ಓ, ಇದಕ್ಕೇ. ಇದನ್ನು ಕಂಡೇ ಅಣ್ಣ ಧಡಕ್ಕನೆ ಎದ್ದಿದ್ದಾನೆ, ಕುರ್ಚಿ ಬಿದ್ದಿದೆ.

ಆಮೇಲೆ ಮೇಲಿನಿಂದ ಮೂರು ಸಲ ಕುಟ್ಟಿದ ಸದ್ದು ಕೇಳಿತು. ಟಕ್, ಟಕ್, ಟಕ್. ಪರದೆಯಲ್ಲಿ ಗಾಲಿ ಕೊಟ್ಟವನನ್ನೇ ಮತ್ತೊಮ್ಮೆ ತೋರಿಸುತ್ತಿದ್ದರು. ಭಲೇ ಎಂದು ನೆಲ ಕುಟ್ಟುತ್ತಿದ್ದಾನೆ ಎಂದು ಇವನು ತಿಳಿದ. ಇಲ್ಲವೇ, ನೋಡಿದೆಯೇನೋ ಕೆಳಗಿರುವವನೇ, ಹೀಗೆ ಕೊಡಬೇಕು ಎಂದು ಹೇಳುತ್ತಿದ್ದಾನೆ. ಕಿವಿ ಬಿಸಿಯಾದವು.

ಆಮೇಲೆ ಮೇಲೆ ಸದ್ದಡಗಿತು. ಹಂತ ಮುಗಿಯಿತು. ಹಳದಿ ಅಂಗಿ ಉಳಿಯಿತು. ಚಪ್ಪಾಳೆಯಿಲ್ಲ, ಕುರ್ಚಿಯ ಕರಕರವಿಲ್ಲ. ಆ ಮೌನ ತನಗೇ ಹೇಳಿದ್ದು ಎಂದು ಇವನಿಗೆ ಖಾತ್ರಿಯಾಯಿತು. ಈಗ ಮೇಲೆ ಹೋದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತಾಗುತ್ತದೆ. ಇವನು ಎದ್ದು ಬಾಗಿಲವರೆಗೆ ಹೋಗಿ, ವಾಪಸು ಬಂದು ಕೂತ. ಹೀಗೆ ಎರಡು ಸಲ. ಇಪ್ಪತ್ತು ನಿಮಿಷ ಕಳೆದಿರಬಹುದು, ಅರ್ಧ ಗಂಟೆಯೂ ಆಗಿರಬಹುದು.

ಅತ್ತಿಗೆ ಕೆಲಸದಿಂದ ಬಂದು ಮೆಟ್ಟಿಲು ಹತ್ತಿದ್ದು ಕೇಳಿತು. ಮರುಕ್ಷಣ ಇವನ ಹೆಸರು ಹಿಡಿದು ಕೂಗಿದ್ದು ಕೇಳಿತು.

ಅಣ್ಣ ನೆಲದ ಮೇಲಿದ್ದ. ಬೀರುವಿಗೆ ಬೆನ್ನು ಕೊಟ್ಟು, ಒಂದು ಕಾಲು ಮಡಿಸಿಕೊಂಡು, ಇನ್ನೊಂದನ್ನು ಬೇರೆ ಯಾರದೋ ಕಾಲಿನಂತೆ ಪಕ್ಕಕ್ಕೆ ಚಾಚಿಕೊಂಡಿದ್ದ. ಮಂಡಿ ಊದಿತ್ತು. ಕೈಯಲ್ಲಿ ಗಾಲಿ ಬಿಗಿಸುವ ಸ್ಪಾನರಿತ್ತು. ನೀರು ತರಲು ಎದ್ದಾಗ ಮಂಡಿ ಕೈಕೊಟ್ಟು ಬಿದ್ದಿದ್ದ. ಫೋನು ಮೇಜಿನ ಮೇಲೆ, ಕೈಗೆ ಎಟುಕದೆ, ಉಳಿದಿತ್ತು.

ಇಬ್ಬರೂ ಹಿಡಿದು ಅವನನ್ನು ಹಾಸಿಗೆಗೆ ಏರಿಸಿದರು. ಅತ್ತಿಗೆ ಬೈಯುತ್ತಲೇ ಮಂಜುಗಡ್ಡೆ ತರಲು ಒಳಗೆ ಹೋದಳು. ಕೆಳಗೊಬ್ಬ ಮೇಲೊಬ್ಬ ಅಣ್ಣತಮ್ಮ ಇದ್ದು ಏನು ಬಂತು, ಗೋಡೆಗಳೇ ವಾಸಿ ಎಂದು ಅಲ್ಲಿಂದಲೂ ಕೇಳುತ್ತಿತ್ತು.

"ಮೂರು ಸಲ ಕುಟ್ಟಿದೆ. ಕೇಳಿಸಲಿಲ್ವೇನೋ?" ಎಂದ ಅಣ್ಣ.

"ಮೋಟಾರು ಓಡ್ತಿತ್ತು," ಎಂದ ಇವನು.

ಬಾಯಿಂದ ಬಿದ್ದ ಮೇಲೆ ಆ ಮಾತು ಇವನಿಗೇ ಕೇಳಿಸಿತು. ಕೆಳಗೆ ಆರಿಸದೆ ಬಿಟ್ಟ ಮೋಟಾರು ಇನ್ನೂ ಗುಂಯ್ ಎನ್ನುತ್ತಿತ್ತು. ಮೂವರಿಗೂ ಚೆನ್ನಾಗಿ ಕೇಳಿಸುತ್ತಿತ್ತು.

ಅಣ್ಣ ಅದನ್ನು ಸ್ವಲ್ಪ ಹೊತ್ತು ಆಲಿಸಿದ. ಆಮೇಲೆ ನಕ್ಕ. ನೋವಿಗೆ ಮುಖ ಕಿವುಚಿದ್ದೂ ಇರಬಹುದು.

"ಓಡ್ತಿದೆ, ಓಡ್ತಿದೆ. ನೀನು ಸುಳ್ಳು ಹೇಳೋನಲ್ಲ ಕಣೋ, ಯಾವತ್ತೂ."

ಇವನು ಕೆಳಗೆ ಬಂದು ಮೋಟಾರು ಆರಿಸಿದ. ಏನು ಹೇಳಿದ ಹಾಗಾಯಿತು ಅದು? ಕ್ಷಮಿಸಿದ ಹಾಗೋ, ಸಿಕ್ಕಿಬಿದ್ದೆ ಎಂದ ಹಾಗೋ, ನೋವಿನಲ್ಲಿದ್ದವನು ಬಾಯಿಗೆ ಬಂದದ್ದನ್ನು ಆಡಿದನೋ?

ಶುಕ್ರವಾರ ಹೇಳಿಬಿಡುತ್ತೇನೆ ಎಂದು ಮೇಲೆ ಹೋದ. ಅಣ್ಣ ಮಾತ್ರೆ ನುಂಗಿ ಮಲಗಿದ್ದ. ಶನಿವಾರ ಹೋದ. ಮಾತಿಗೆ ಮೊದಲೇ ಅಣ್ಣ ಹಳೆಯ ಗಿರಾಕಿಗಳ ಪೈಕಿ ಯಾರ ಗಾಲಿಗೆ ಎಷ್ಟು ಬಿಗಿ ಬೇಕು, ಯಾರು ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಹರಟುತ್ತಾರೆ ಎಂದು ಹೇಳಲು ಶುರುಮಾಡಿದ. ಇವನು ತಲೆಯಾಡಿಸುತ್ತ ಕೇಳಿಸಿಕೊಂಡ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

ಭಾನುವಾರ ಕೊನೆಯ ಹಂತ. ಅಣ್ಣನ ಮಂಡಿಗೆ ಪಟ್ಟಿ ಕಟ್ಟಿತ್ತು. ಇವನು ಮೊದಲ ಸಲ ಮೇಲೆ ಅವನ ಪಕ್ಕ ಕೂತು ನೋಡಿದ. ಮುಂದಾಗುವುದನ್ನು ಹೇಳುವ ಸದ್ದು ಈಗ ಯಾವ ಕಡೆಯಿಂದಲೂ ಇರಲಿಲ್ಲ. ಇಬ್ಬರೂ ಒಂದೇ ಗಳಿಗೆಯಲ್ಲಿದ್ದರು. ಅದೇ ಇವನಿಗೆ ಕಸಿವಿಸಿಯಾಯಿತು. ಹಳದಿ ಅಂಗಿಯವನು ಗೆದ್ದು ವೇದಿಕೆ ಹತ್ತಿದ. ಅಂದು ಗಾಲಿ ಕೊಟ್ಟವನು ನೂರಾ ಹನ್ನೆರಡನೆಯವನು. ಅವನ ಹೆಸರು ಪರದೆಯ ತಳದಲ್ಲಿ ಬಂದು ಜಾರಿಹೋಯಿತು.

"ಏನಂತೀಯ?" ಎಂದು ಅಣ್ಣ ಪರದೆಯಿಂದ ಕಣ್ಣು ಕೀಳದೆ ಕೇಳಿದ.

"ಆಯ್ತಣ್ಣ. ನೋಡ್ಕೋತೀನಿ."

ಅಣ್ಣ ದಿಂಬಿನ ಕೆಳಗಿನಿಂದ ಬೀಗದ ಕೈ ತೆಗೆದು ಕೊಟ್ಟ. ಕಾದಿಟ್ಟುಕೊಂಡಿದ್ದ ಎಂದು ತೋರುತ್ತದೆ, ಅದು ಬೆಚ್ಚಗಿತ್ತು.

"ಬಾಗಿಲ ಹಿಂದಿನ ಆ ಗಾಲಿ..." ಎಂದು ಇವನು ಶುರುಮಾಡಿದ.

"ಯಾವ ಗಾಲಿ?"

"ಮೊಳೆಗೆ ನೇತು ಹಾಕಿದೀಯಲ್ಲ. ಟೈರು ಹರಿದಿರೋದು."

ಅಣ್ಣ ಹುಬ್ಬು ಗಂಟಿಕ್ಕಿ ಯೋಚಿಸಿದ. ನಿಜವಾಗಿಯೂ ಯೋಚಿಸುತ್ತಿದ್ದಾನೆಯೇ, ಇವನಿಗೊಂದು ಅವಕಾಶ ಕೊಟ್ಟು ಕಾಯುತ್ತಿದ್ದಾನೆಯೇ ಎಂದು ತಿಳಿಯಲಿಲ್ಲ. ಇವನು ಅವನ ಮುಖ ನೋಡುತ್ತ ತನಗರಿವಿಲ್ಲದೆಯೇ ಎಣಿಸುತ್ತಿದ್ದ. ಹತ್ತು, ಇಪ್ಪತ್ತು.

"ಅದಾ? ಯಾರೋ ಬಿಟ್ಟು ಹೋದದ್ದಿರಬೇಕು. ವಾಪಸು ಬರಲಿಲ್ಲ," ಎಂದ ಅಣ್ಣ. "ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು."

ಅತ್ತಿಗೆ ಒಳಗಿನಿಂದ ಬಂದು ಕೊನೆಗೆ ಯಾರು ಗೆದ್ದರು ಎಂದು ಕೇಳಿದಳು. ಹಳದಿ ಅಂಗಿಯವನು ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಸೋಮವಾರ ಬೆಳಿಗ್ಗೆ ಇವನು ಅಂಗಡಿಯ ಬಾಗಿಲು ತೆರೆದ. ಗಾಲಿಯನ್ನು ಮೊಳೆಯಿಂದ ಇಳಿಸಿ, ಹರಿದ ಟೈರು ಬಿಚ್ಚಿ, ಗಾಲಿ ನೇರ ಮಾಡುವ ಸ್ಟ್ಯಾಂಡಿಗೆ ಹಾಕಿ ತಿರುಗಿಸಿ ನೋಡಿದ. ಎಲ್ಲಿಯೂ ಸೊಟ್ಟವಿರಲಿಲ್ಲ. ಅದು ಆ ದಿನದ ಗಾಲಿಯೋ ಅಲ್ಲವೋ ಹೇಳುವ ಗುರುತೇನೂ ಅದರ ಮೇಲೆ ಇರಲಿಲ್ಲ. ಅದನ್ನು ಹಾಗೆಯೇ ತಿರುಗಲು ಬಿಟ್ಟು, ಅದು ನಿಲ್ಲುವವರೆಗೂ ನಿಂತು ನೋಡಿದ.

ಅಣ್ಣ ಆಮೇಲೆ ಹನ್ನೊಂದು ವರ್ಷ ಬದುಕಿದ್ದ. ರೇಸಿನ ದಿನಗಳಲ್ಲಿ ಇಬ್ಬರೂ ಮೇಲೆ ಒಟ್ಟಿಗೆ ಕೂತು ನೋಡುತ್ತಿದ್ದರು. ಆ ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದ್ದೆ, ಧೂಳಿನ ನಡುವೆ ನೀನು ಎತ್ತಿದ ಕೈ ನನಗೆ ಕಂಡಿತ್ತು ಎಂದು ಅವನು ಅಣ್ಣನಿಗೆ ಹೇಳಲಿಲ್ಲ.