ಹನ್ನೆರಡು ಗಂಟೆಯ ಸಂದೇಶ

“ಮನಶ್ಯಾನ ದನಿ ಕೇಳದ ಮದ್ದು ಹಾರಸೂದಿಲ್ಲ ನಾ! ಈ ಡಬ್ಬಿ ಮಾತು ನಂಬಿ ಯಾರ ತಲಿ ಒಡೀಲಿ?”

“ಕೂಗ್ಬ್ಯಾಡ್ರಿ ದಸ್ತಗೀರಸಾಬ್ರ. ನೀವು ಒದರಿ ಒದರಿ ಮದ್ದಿನ ಗಾಡಿ ಯಾವಾಗ ಬರ್ತದಂತ ಸುತ್ತಲಿನ ಊರಿಗೆಲ್ಲ ಗೊತ್ತಾಗೇದ.”

“ಅದಕ್ಕ ಗುಪ್ತ ಕೀಲಿ ಹಾಕೀರಲ್ಲ?”

“ಹಾಕೀನಿ. ಆದ್ರ ಬಾಯಿಮಾತಿಗೆ ದಾಖಲೆ ಇಲ್ಲ. ಸಂದೇಶಕ್ಕ ಅದ. ಮುಗೀತು,” ಎಂದರು ಮೇಜಿನಾಚೆಯಿಂದ ಭದ್ರತಾ ಅಧಿಕಾರಿ ತೇಲಿ ಸಾಹೇಬರು.

ಆ ಡಬ್ಬಿ ನಾನೇ. ಡಿಜಿಟಲ್ ವಾಕಿಟಾಕಿ. ಮೈಗೆ ಕರಿ ಕವಚ, ನೆತ್ತಿಯ ಮೇಲೊಂದು ಕಿತ್ತಳೆ ಗುಂಡಿ. ಡಬ್ಬಿ ಎಂದದ್ದಕ್ಕೆ ನನಗೂ ಸಿಟ್ಟು ಬಂತು. ಸಮುದ್ರದಾಚೆಯ ಕಾರ್ಖಾನೆಯಲ್ಲಿ ಹುಟ್ಟಿದವನು ನಾನು. ಕಾಂಕ್ರೀಟಿನ ಮೇಲೆ ಎಸೆದು, ನೀರಿನಲ್ಲಿ ಮುಳುಗಿಸಿ, ಬದುಕಿದ್ದೇನೆಂದು ಖಾತ್ರಿಯಾದ ಮೇಲೆಯೇ ಪೆಟ್ಟಿಗೆಗೆ ಹಾಕಿದ್ದರು. ಮೊದಲ ಎರಡು ವರ್ಷ ಸಕ್ಕರೆ ಕಾರ್ಖಾನೆಯೊಂದರ ಗೇಟಿನಲ್ಲಿದ್ದೆ. ‘ಗಾಡಿ ಬಿಡು’, ‘ಗಾಡಿ ನಿಲ್ಲಿಸು’ ಬಿಟ್ಟರೆ ಅಲ್ಲಿ ಬೇರೆ ಮಾತಿರಲಿಲ್ಲ. ಆಮೇಲೆ ಬಾಗಲಕೋಟೆ ಸೀಮೆಯ ಈ ಸುಣ್ಣಕಲ್ಲಿನ ಗಣಿಗೆ ಬಂದೆ. ಇಲ್ಲಿ ತೇಲಿ ಸಾಹೇಬರು ನನ್ನನ್ನು ಕಂಪ್ಯೂಟರಿಗೆ ಜೋಡಿಸಿ ಹಳೆಯ ಚಾನೆಲ್ಲುಗಳನ್ನು ಅಳಿಸಿದರು, ಗುಪ್ತ ಕೀಲಿ ತುಂಬಿದರು. ಅಂದಿನಿಂದ ನಮ್ಮ ಮಾತು ಹೊರಗಿನವರ ಕಿವಿಗೆ ಬರೀ ಗರಗರ ಸದ್ದು.

ನನ್ನನ್ನು ಕೊಟ್ಟದ್ದು ದಸ್ತಗೀರಸಾಬರ ಕೈಗೆ. ಮೂವತ್ತು ವರ್ಷದಿಂದ ಕಲ್ಲಿಗೆ ಮದ್ದಿಟ್ಟು ಹಾರಿಸುವ ಬ್ಲಾಸ್ಟರ್. ಅವರ ಕೈಯಲ್ಲಿ ಒಬ್ಬನೂ ಸತ್ತಿರಲಿಲ್ಲ. ಅವರ ಗರ್ವವೆಂದರೆ ಅದೊಂದೇ.

ಅವರದೊಂದು ಪದ್ಧತಿ ಇತ್ತು. ಗಣಿಯ ಮೂರು ದಾರಿಗಳಿಗೆ ಮೂವರು ಕಾವಲುಗಾರರು ಹಗ್ಗ ಕಟ್ಟಿ, ತಮ್ಮ ಹೆಸರು ಹೇಳಿ ‘ದಾರಿ ಬಂದ್’ ಅನ್ನಬೇಕು. ಅಷ್ಟಕ್ಕೆ ಸಾಬರು ಬಿಡುತ್ತಿರಲಿಲ್ಲ. ಅಲ್ಲೇ ನಿಂತವನಷ್ಟೇ ಉತ್ತರಿಸಬಲ್ಲ ಒಂದು ಪ್ರಶ್ನೆ ಎಸೆಯುತ್ತಿದ್ದರು.

“ಲಗಮಪ್ಪಾ, ನಿನ್ನ ಮುಂದ ಈಗ ಏನ್ ಕಾಣ್ತೈತಿ?”

“ಒಂದ್ ಟಿಪ್ಪರ್, ಮೇಯೋ ಎರಡ್ ಕತ್ತಿ, ನಿನ್ನ ಅಳಿಯಾ.”

“ಹಂಗಾರ ಕತ್ತಿ ಮೂರು ಅನ್ನೋ ಮಬ್ಬ!”

ಮೂರೂ ದಾರಿಗಳಿಂದ ನಗು ಬಂದ ಮೇಲೆಯೇ ಸಾಬರ ಬೆರಳು ಮದ್ದಿನ ಗುಂಡಿಗೆ ಹೋಗುತ್ತಿತ್ತು.

ಸಾಹೇಬರು ಅದನ್ನು ನಿಲ್ಲಿಸಿದರು. ‘ದಾರಿ ಬಂದ್’ ಎಂಬ ಸಿದ್ಧ ಸಂದೇಶವನ್ನು ಎಲ್ಲ ವಾಕಿಟಾಕಿಗಳಲ್ಲೂ ತುಂಬಿದರು. ಕಾವಲುಗಾರ ಒಂದು ಗುಂಡಿ ಒತ್ತಿದರೆ ಅದು ನನ್ನ ಪರದೆಗೆ ಬರಬೇಕು. ಮೂರು ಬಂದರೆ ಮದ್ದು ಹಾರಿಸಬೇಕು. ಪ್ರಶ್ನೆ ಇಲ್ಲ, ನಗು ಇಲ್ಲ. ಹತ್ತು ದಿನ ಸುಸೂತ್ರವಾಗಿ ನಡೆಯಿತು. ಸಾಬರಿಗೆ ಮಾತ್ರ ಸಮಾಧಾನವಿಲ್ಲ. ನನ್ನನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ, ಪರದೆ ಒರೆಸುತ್ತ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಹಾರಿಸಬೇಕಿತ್ತು. ಕಾವಲುಗಾರರು ಸಂದೇಶ ಕಳಿಸುವ ಹೊತ್ತಿಗೆ ನನ್ನ ಬ್ಯಾಟರಿ ಸತ್ತಿತ್ತು. ಮೂರೂ ಸಂದೇಶಗಳು ಆಫೀಸಿನ ಯಂತ್ರದಲ್ಲಿ ನನಗಾಗಿ ಕಾದು ಕುಳಿತವು. ನಮ್ಮ ಜಾತಿಯ ಸವಲತ್ತು ಅದು: ವಾಕಿಟಾಕಿ ಮಲಗಿದ್ದರೆ ಸಂದೇಶ ಕಾಯುತ್ತದೆ, ಎದ್ದ ಕೂಡಲೇ ಬಂದು ಸೇರುತ್ತದೆ. ಇದು ಸಾಹೇಬರಿಗೆ ಗೊತ್ತಿತ್ತು. ಸಾಬರಿಗೆ ಯಾರೂ ಹೇಳಿರಲಿಲ್ಲ. ನಾನು ಬಂದಾದದ್ದರಿಂದ ಆ ಸರದಿಯನ್ನು ಎರಡೂವರೆಗೆ ಮುಂದೂಡಿದರು. ಕಾವಲುಗಾರರು ಹಗ್ಗ ಬಿಚ್ಚಿ ಊಟಕ್ಕೆ ಹೋದರು.

ಎರಡೂವರೆಗೆ ಸಾಬರು ಹೊಸ ಬ್ಯಾಟರಿ ಹಾಕಿ ನನ್ನನ್ನು ಎಬ್ಬಿಸಿದರು. ನಾನು ಮೂರು ಸಲ ಗುರುಗುಟ್ಟಿದೆ. ದಾರಿ ಬಂದ್. ದಾರಿ ಬಂದ್. ದಾರಿ ಬಂದ್. ಪರದೆಯ ಮೇಲೆ ಬಂದ ಹೊತ್ತು ಎರಡೂವರೆ. ಸುದ್ದಿ ಮುಟ್ಟಿಸುವುದಷ್ಟೇ ನನಗೆ ಗೊತ್ತು. ಅದು ಹಳಸಿದ್ದು ಎಂದು ಹೇಳುವ ಬಾಯಿ ನನಗೆ ಕೊಟ್ಟಿಲ್ಲ.

ಸೈರನ್ ಕೂಗಿತು. ಪಶ್ಚಿಮದ ದಾರಿಯಲ್ಲಿ ಲಗಮಪ್ಪ ಇನ್ನೂ ಹಗ್ಗ ಕಟ್ಟಿರಲಿಲ್ಲ. ಇಬ್ಬರು ಹೆಂಗಸರು ಮೇವಿನ ಹೊರೆ ಹೊತ್ತು ಒಳಗೆ ಬಂದಿದ್ದರು. ಅವನು ಓಡಿಹೋಗಿ ಅವರನ್ನು ಟಿಪ್ಪರಿನ ಅಡಿಗೆ ನೂಕಿ, ತನ್ನ ವಾಕಿಟಾಕಿಯ ಕಿತ್ತಳೆ ಗುಂಡಿ ಒತ್ತಿದ. ಅದು ಅಪಾಯದ ಕರೆ. ಉಳಿದ ಮಾತನ್ನೆಲ್ಲ ತಳ್ಳಿಕೊಂಡು ಬರುತ್ತದೆ. ನಾನು ಚೀರಿದೆ. ಅಷ್ಟರಲ್ಲಿ ಸಾಬರ ಬೆರಳು ಮದ್ದಿನ ಗುಂಡಿ ಒತ್ತಿಯಾಗಿತ್ತು.

ಹೆಂಗಸರು ಉಳಿದರು. ಲಗಮಪ್ಪನ ಬಲಗೈ ಮೊಣಕೈ ಕೆಳಗೆ ಜಜ್ಜಿಹೋಯಿತು.

ಮರುದಿನ ಮತ್ತೆ ಅದೇ ಮೇಜು. ಸಾಹೇಬರು ಒಂದು ಕಾಗದ ಮುಂದಿಟ್ಟರು. “ಲಗಮಪ್ಪ ದಾರಿ ಬಂದ್ ಮಾಡದನ ಸಂದೇಶ ಕಳಿಸ್ಯಾನ. ಎರಡೂವರೆಗೆ ಬಂದದ್ದಕ್ಕ ದಾಖಲೆ ಅದ. ಸಹಿ ಮಾಡ್ರಿ.”

“ಬಂದದ್ದು ಎರಡೂವರಿಗೆ. ಅಂವ ಕಳಿಸಿದ್ದು ಎಷ್ಟಕ್ಕರಿ?”

ಸಾಹೇಬರು ಕಂಪ್ಯೂಟರಿನ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. “ಅದು ನಿಮಗ್ಯಾಕ? ಯಾರದರ ತಪ್ಪು ಅಂತ ಬರೀಬೇಕಲ್ಲ.”

“ಬರೀರಿ. ದನಿ ಕೇಳದ ಹಾರಿಸಿದಾಂವ ನಾ. ಅಂವ ದವಾಖಾನ್ಯಾಗ ಕೈ ಕಳಕೊಂಡು ಮಲಗ್ಯಾನ, ಅವನ ಅನ್ನಕ್ಕೂ ಕಲ್ಲ ಹಾಕ್ಲೇನು?”

ಸಾಬರು ಆ ಕಾಗದ ಹರಿದರು. ಇನ್ನೊಂದು ಹಾಳೆಯಲ್ಲಿ ತಮ್ಮ ಹೆಸರು ಬರೆದು, ಕೆಳಗೆ ಎರಡೇ ಸಾಲು ಬರೆದರು: ತಪ್ಪು ನನ್ನದು. ಇನ್ನು ಕೆಲಸಕ್ಕೆ ಬರುವುದಿಲ್ಲ. ನನ್ನನ್ನು ಅದರ ಮೇಲಿಟ್ಟರು. ಮದ್ದಿನ ಪೆಟ್ಟಿಗೆಯ ಕೀಲಿಯನ್ನೂ ಇಟ್ಟರು.

“ಹೊರಗ ಹೋದ್ರ ನಿಮ್ಮ ವಾಕಿಟಾಕಿ ನಂಬರ್ ಇಲ್ಲಿಂದಲೇ ಬಂದ್ ಮಾಡ್ತೀನಿ!” ಸಾಹೇಬರು ಕೂಗಿದರು.

“ಮಾಡ್ರಿ.”

ಸಾಹೇಬರು ಮಾಡಿದರು. ದೂರದಿಂದಲೇ ಕಿವಿ ಬಾಯಿ ಕಟ್ಟುವ ಆಜ್ಞೆ ಅದು. ನನ್ನ ಪರದೆ ಆರಿತು. ಬಾಗಿಲು ದಡ್ಡೆಂದು ಬಡಿದದ್ದು ಮೈಗೆ ತಾಕಿತು. ಬೂಟಿನ ಹೆಜ್ಜೆಗಳು ಜಲ್ಲಿಕಲ್ಲಿನ ಮೇಲೆ ಗೇಟಿನವರೆಗೆ ಹೋದವು.

ಮರುದಿನ ಹನ್ನೆರಡಕ್ಕೆ ಸಾಹೇಬರು ಬಾಗಿಲ ಕಡೆ ನೋಡುತ್ತ ಕುಳಿತರು. ಅದರ ಮರುದಿನವೂ ಕುಳಿತರು. ದಸ್ತಗೀರಸಾಬರು ಬರಲಿಲ್ಲ.